ಒಬ್ಬನಿಂದ ಆಗದ ಕೆಲಸ

ಹೆಡ್ಲಿ ಜೇಗೋಗೆ ಒಬ್ಬನೇ ಕೂತು ಊಟ ಮಾಡಲು ಬರುತ್ತಿರಲಿಲ್ಲ. ಹುಡುಗನಾಗಿದ್ದಾಗಲೇ ನೌಕಾದಳ ಸೇರಿದವನು ಕಿವಿಯ ಮೇಲಿನ ಕೂದಲು ನರೆತ ಮೇಲೆ ಹೊರಬಿದ್ದ. ಆ ನಡುವೆ ಅವನು ಉಂಡದ್ದೆಲ್ಲ ಹಡಗಿನ ಹೊಟ್ಟೆಯೊಳಗೆ, ಉದ್ದನೆಯ ಮೇಜಿಗೆ ಸಾಲಾಗಿ ಕೂತು, ಎಡಗಡೆಯವನಿಂದಲೂ ಬಲಗಡೆಯವನಿಂದಲೂ ಮೊಣಕೈಯಲ್ಲಿ ತಿವಿಸಿಕೊಂಡು, ಪಕ್ಕದವನ ತಟ್ಟೆಯ ಆಲೂಗೆಡ್ಡೆಗೆ ಕಣ್ಣು ಹಾಕಿ ಬೈಸಿಕೊಂಡು. ಈಗ ಇಂಗ್ಲಿಷ್ ಕರಾವಳಿಯ ಟಾರ್‌ಪಾಯಿಂಟ್ ಊರಿನ ಒಂದು ಮಹಡಿ ಕೋಣೆಯಲ್ಲಿ ಅವನಿಗೆ ಮೇಜಿತ್ತು, ಕುರ್ಚಿಯಿತ್ತು, ತಟ್ಟೆಯಿತ್ತು. ಕೂತರೆ ಮಾತ್ರ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಾಗಾಗಿ ಕಿಟಕಿಯ ಹತ್ತಿರ ನಿಂತು, ಎಲ್ಲಿಗೋ ಹೊರಡುವ ಅವಸರದಲ್ಲಿರುವವನ ಹಾಗೆ, ನಾಲ್ಕು ಬಾಯಿ ತಿಂದು ಮುಗಿಸುತ್ತಿದ್ದ. ಅವಸರದ ಕೆಲಸವೇನೂ ಇರಲಿಲ್ಲ.

ಎರಡನೇ ಮಹಾಯುದ್ಧ ಮುಗಿದು ಹತ್ತು ವರ್ಷವಾಗಿದ್ದ ಕಾಲ ಅದು. ಊರಿಗೂ ಆಚೆ ದಡದ ಡೆವನ್‌ಪೋರ್ಟಿನ ಹಡಗುಕಟ್ಟೆಗೂ ನಡುವೆ ಅಗಲವಾದ ಹೊಳೆ. ಅದನ್ನು ದಾಟಿಸುವುದು ನೀರಿನೊಳಗಿನ ಸರಪಳಿ ಹಿಡಿದು ತನ್ನನ್ನು ತಾನೇ ಎಳೆದುಕೊಂಡು ಹೋಗುವ ಕಬ್ಬಿಣದ ಫೆರಿ. ಅಂಥವು ಎರಡಿದ್ದವು, ಒಂದು ಆಚೆ ಹೋದರೆ ಇನ್ನೊಂದು ಈಚೆ. ಹೆಡ್ಲಿಗೆ ಒಂದರ ಮೇಲೆ ಕೆಲಸ ಸಿಕ್ಕಿತು. ಲಾರಿಗಳನ್ನು ಸಾಲಾಗಿ ನಿಲ್ಲಿಸುವುದು, ಗೇಟು ಹಾಕುವುದು, ತೆಗೆಯುವುದು. ಹಡಗಿನಲ್ಲಿ ಹಗ್ಗ, ಲಂಗರು, ದೋಣಿಗಳನ್ನೆಲ್ಲ ನೋಡಿಕೊಳ್ಳುವ ತಾಂಡೇಲನಾಗಿ ನೂರಾರು ಜನರನ್ನು ಒಂದು ಸೀಟಿಗೆ ಕುಣಿಸಿದವನು ಈಗ ಕುರಿ ತುಂಬಿದ ಲಾರಿಗೆ "ಸ್ವಲ್ಪ ಹಿಂದೆ, ಹಿಂದೆ" ಎನ್ನುತ್ತಿದ್ದ. ಅದರ ಬಗ್ಗೆ ಅವನಿಗೆ ಕೊರಗಿರಲಿಲ್ಲ. ಫೆರಿಯ ಮೇಲೆ ಜನರಾದರೂ ಇರುತ್ತಿದ್ದರು, ಕೊರಗೆಲ್ಲ ಕೋಣೆಗೆ ಹಿಂದಿರುಗಿದ ಮೇಲೆ.

ಅವನ ಬಾಯಲ್ಲಿ ಒಂದು ಮಾತು ಹತ್ತಿಕೊಂಡಿತ್ತು. ಅದನ್ನು ಹೇಳದೆ ಅವನ ಕಥೆ ಹೇಳಲಾಗುವುದಿಲ್ಲ. ಎವಲ್ಯೂಷನ್ ಎಂಬ ಇಂಗ್ಲಿಷ್ ಮಾತು ಕಿವಿಗೆ ಬಿದ್ದರೆ ನಮಗೆ ನಿಮಗೆಲ್ಲ ನೆನಪಾಗುವುದು ಶಾಲೆಯ ಪಾಠ: ಜೀವಿಗಳು ಲಕ್ಷಾಂತರ ವರ್ಷಗಳಲ್ಲಿ ಬದಲಾಗುತ್ತಾ ಬಂದದ್ದು, ಕೋತಿಯಂಥದೊಂದು ಮನುಷ್ಯನಾದದ್ದು. ಆದರೆ ಆ ಪಾಠ ಹುಟ್ಟುವುದಕ್ಕೆ ಮೊದಲೇ ಇಂಗ್ಲಿಷ್ ನಾವಿಕರು ಆ ಮಾತನ್ನು ತಮ್ಮದಾಗಿ ಮಾಡಿಕೊಂಡಿದ್ದರು. ಅವರಿಗೆ ಎವಲ್ಯೂಷನ್ ಎಂದರೆ ಹಡಗಿನ ಮೇಲೆ ಎಲ್ಲರೂ ಸೇರಿ, ಒಂದರ ಹಿಂದೊಂದು ಕ್ರಮ ತಪ್ಪದೆ ಮಾಡುವ ಕೆಲಸ. ದೋಣಿ ಇಳಿಸುವುದು ಎವಲ್ಯೂಷನ್. ಕೆಟ್ಟು ನಿಂತ ಇನ್ನೊಂದು ಹಡಗಿಗೆ ಹಗ್ಗ ಹಾಕಿ ಎಳೆಯುವುದು ಎವಲ್ಯೂಷನ್. ಇವತ್ತಿಗೂ ಅವರು ಹಾಗೇ ಅನ್ನುತ್ತಾರೆ. ಹೆಡ್ಲಿಗೆ ಶಾಲೆಯ ಅರ್ಥ ತಿಳಿಯದು. ಆ ಪಾಠಕ್ಕೆ ಬರುವಷ್ಟರಲ್ಲಿ ಅವನು ಶಾಲೆ ಬಿಟ್ಟು ಹಡಗು ಹತ್ತಿಯಾಗಿತ್ತು.

ಫೆರಿಯ ಜೊತೆಗಾರ ಸಿಡ್ ಪಾಸ್ಕೋಗೆ ಇದೊಂದು ತಮಾಷೆ. ದಪ್ಪ ಹೊಟ್ಟೆಯ ಸಿಡ್‌ಗೆ ಆರು ಮಕ್ಕಳು. ಮನೆಯ ಗಲಾಟೆಯಿಂದ ತಪ್ಪಿಸಿಕೊಳ್ಳಲೆಂದೇ ಕೆಲಸಕ್ಕೆ ಬರುವವನು.

"ಏನ್ ರಾಜಾ, ಟೀ ಕಾಯಿಸ್ತಿದೀಯಾ? ಇದೂ ಒಂದು ಎವಲ್ಯೂಷನ್ನೇ?"

"ಒಬ್ಬನೇ ಕಾಯಿಸಿದ್ರೆ ಬರೀ ಟೀ. ನೀನು ಕಪ್ಪು ತೊಳೆದುಕೊಟ್ರೆ ಎವಲ್ಯೂಷನ್."

"ಅಬ್ಬಾ, ಕಪ್ಪು ತೊಳೆಸೋದಕ್ಕೂ ನೌಕಾದಳದ ಆರ್ಡರು. ನಿನ್ನ ಕಟ್ಟಿಕೊಳ್ಳೋಳು ಪುಣ್ಯ ಮಾಡಿರಬೇಕು."

ಕಟ್ಟಿಕೊಳ್ಳುವವಳು ಯಾರೂ ಇರಲಿಲ್ಲ. ಇರಬಹುದು ಎಂದು ಹೆಡ್ಲಿಗೆ ಅನ್ನಿಸಲು ಶುರುವಾದದ್ದು ಲವ್‌ಡೇ ಸ್ಪಾರ್ಗೋಳನ್ನು ಕಂಡ ಮೇಲೆ.

ಲವ್‌ಡೇ ದಿನವೂ ಬೆಳಿಗ್ಗೆ ರೊಟ್ಟಿಯ ಬುಟ್ಟಿಗಳನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಆಚೆ ದಡದ ಅಂಗಡಿಗೆ ಹೋಗುತ್ತಿದ್ದಳು. ಅವಳ ಅಣ್ಣ ಎಫ್ರೈಮ್‌ನದು ಊರಲ್ಲಿ ಬೇಕರಿ. ಅವನಿಗೂ ಮದುವೆಯಿಲ್ಲ, ಇವಳಿಗೂ ಇಲ್ಲ. ಇವಳ ವಯಸ್ಸು ನಲವತ್ತರ ಹತ್ತಿರ. ನೆತ್ತಿಗೆ ಬಿಗಿದು ಕಟ್ಟಿದ ಕಪ್ಪು ಸ್ಕಾರ್ಫು, ಸದಾ ಹಿಟ್ಟು ಮೆತ್ತಿದ ಕೈಗಳು. ಅವಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ನಗು ಕದ್ದ ಮಾಲೋ ಏನೋ ಎಂಬಂತೆ. ಮೊದಲ ಸಲ ಗಾಡಿಯ ಚಕ್ರ ಸಂದಿಗೆ ಸಿಕ್ಕಿಕೊಂಡಾಗ ಹೆಡ್ಲಿ ಒಂದು ಕಡೆ ಹಿಡಿದ. ಇನ್ನೊಂದು ಕಡೆ ಹಿಡಿಯಲು ಅವಳಿಗೆ ಹೇಳಿ, "ಒಂದು, ಎರಡು, ಎತ್ತು" ಎಂದ.

"ಒಳ್ಳೆ ಎವಲ್ಯೂಷನ್," ಎಂದ ಎತ್ತಿದ ಮೇಲೆ.

ಅವಳು ಗಾಬರಿಯಿಂದ ಸುತ್ತಮುತ್ತ ನೋಡಿದಳು. "ಹಾಗೆಲ್ಲ ಅನ್ನಬೇಡಿ. ನಮ್ಮ ಸಭೆಯಲ್ಲಿ ಅದು ಪಾಪದ ಮಾತು."

"ಗಾಡಿ ಎತ್ತೋದು ಪಾಪವಾ?"

ಅವನ ಮುಖದಲ್ಲಿದ್ದ ನಿಜವಾದ ಗೊಂದಲ ಕಂಡು ಅವಳ ಕೈ ಬಾಯಿಗೆ ಹೋಯಿತು. ಆ ದಿನ ಅವನು ಹಡಗಿನ ಅರ್ಥ ವಿವರಿಸಿದ. ಅವಳು ಕೇಳಿಸಿಕೊಂಡಳು. ತನ್ನ ಅರ್ಥ ಏನೆಂದು ಮಾತ್ರ ಅವಳು ಹೇಳಲಿಲ್ಲ, ಆ ಪಾಪದ ಮಾತನ್ನು ವಿವರಿಸುವುದಕ್ಕೂ ಬಾಯಿ ಬರಲಿಲ್ಲ. ಅವಳು ವಿವರಿಸಿದ್ದರೆ ಮುಂದಿನದೆಲ್ಲ ಆಗುತ್ತಿರಲಿಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಮರುದಿನ ಅವಳು ಒಂದು ಕೇಸರಿ ಬನ್ನು ತಂದುಕೊಟ್ಟಳು. ಇನ್ನೂ ಬಿಸಿಯಾಗಿತ್ತು, ಒಣದ್ರಾಕ್ಷಿ ತುಂಬಿತ್ತು. ಹೆಡ್ಲಿ ಎರಡಾಗಿ ಮುರಿದು ಅರ್ಧ ಅವಳ ಮುಂದೆ ಹಿಡಿದ.

"ಇಲ್ಲ, ನೀವು ತಿನ್ನಿ."

"ಅರ್ಧ ತಗೊಳ್ಳಿ. ಒಬ್ಬನೇ ತಿನ್ನೋಕೆ ನಂಗೆ ಆಗಲ್ಲ."

"ನಾವು ಸಭೆಯವರು ಹೊರಗಿನವರ ಜೊತೆ ತಿನ್ನಲ್ಲ, ಜೇಗೋ ಅವ್ರೇ. ಒಂದೇ ಮೇಜಾಗಲಿ, ಒಂದೇ ಬನ್ನಾಗಲಿ." ಅವಳು ಕ್ಷಮೆ ಕೇಳುವವಳ ಹಾಗೆ ಹೇಳಿ ಹೊಳೆಯ ಕಡೆ ಮುಖ ತಿರುಗಿಸಿದಳು. ಅವನು ತಿಂದು ಮುಗಿಸುವವರೆಗೂ ತಿರುಗಿ ನೋಡಲಿಲ್ಲ.

ಅದು ಬೆಟ್ಟದ ಬುಡದ ಒಂದು ಪುಟ್ಟ ಕ್ರೈಸ್ತ ಸಭೆ, ಮನುಷ್ಯನನ್ನು ದೇವರೇ ಕೈಯಾರೆ ಮಾಡಿದ ಎಂದು ಅಕ್ಷರ ಬಿಡದೆ ನಂಬುವವರದು. ಎಲ್ಲ ಸೇರಿದರೂ ನಾಲ್ಕು ಬೆಂಚು ತುಂಬದು. ಹೊರಗಿನವರೊಂದಿಗೆ ವ್ಯಾಪಾರ ಸರಿ, ನಮಸ್ಕಾರ ಸರಿ, ಪಂಕ್ತಿ ಮಾತ್ರ ಕೂಡದು. ದೇವರ ಮನೆಗೆ ಇಷ್ಟೊಂದು ಜನ ಬಾಗಿಲು ಕಾಯುವವರು ಯಾಕೆ ಬೇಕೋ ನಾನರಿಯೆ. ಆದರೆ ಲವ್‌ಡೇಗೆ ಆ ನಾಲ್ಕು ಬೆಂಚೇ ಲೋಕ. ಹುಟ್ಟಿದ್ದು ಅಲ್ಲಿ, ತಾಯಿಯನ್ನು ಮಣ್ಣು ಮಾಡಿದ್ದು ಅಲ್ಲಿ, ಕಾಯಿಲೆ ಬಿದ್ದರೆ ಗಂಜಿ ತರುವವರು ಅಲ್ಲಿಯವರು.

ಹಾಗಾದರೆ ತಾನೇ ಒಳಗೆ ಹೋದರಾಯಿತು ಎಂದು ಹೆಡ್ಲಿ ತೀರ್ಮಾನಿಸಿದ. ಅದರಲ್ಲಿ ಭಕ್ತಿ ಎಷ್ಟಿತ್ತೋ ಅವನಿಗೇ ಗೊತ್ತಿಲ್ಲ. ಬೇಕಾಗಿದ್ದದ್ದು ಒಂದು ಮೇಜು, ಅದರ ಆಚೆ ಬದಿಯಲ್ಲಿ ಅವಳು. ಆ ಭಾನುವಾರವೇ ಶೂ ಪಾಲಿಷ್ ಮಾಡಿ ಸಭಾಮನೆಯ ಕಡೇ ಬೆಂಚಿನಲ್ಲಿ ಹೋಗಿ ಕೂತ. ಯಾರೂ ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಎಫ್ರೈಮ್ ಸ್ಪಾರ್ಗೋ ಮುಂದೆ ನಿಂತು ಓದುತ್ತಿದ್ದ. ಎತ್ತರದ ಒಣಕಲು ಆಳು. ಬೇಕರಿಯವನಿಗಿಂತ ಹೆಚ್ಚಾಗಿ ನ್ಯಾಯಾಧೀಶನ ಹಾಗೆ ಕಾಣುತ್ತಿದ್ದ. ಓದುತ್ತಾ ಒಮ್ಮೆ ಕಡೇ ಬೆಂಚಿನತ್ತ ನೋಡಿದ, ಆಮೇಲೆ ತಂಗಿ ಕೂತ ಬೆಂಚಿನತ್ತ ನೋಡಿದ, ಮತ್ತೆ ಪುಸ್ತಕಕ್ಕೆ ಕಣ್ಣಿಳಿಸಿದ.

ಹೀಗೆ ಒಂದು ಚಳಿಗಾಲ ಕಳೆಯಿತು. ಬೇಸಿಗೆಯಲ್ಲಿ ಸಭೆಯ ಮಕ್ಕಳಿಗೆ ಬಯಲಿನಲ್ಲಿ ಡೇರೆ ಹಾಕಿ ಚಹಾ, ಬನ್ನು ಕೊಡುವ ಪದ್ಧತಿ. ಆ ವರ್ಷ ಹೊಳೆಯ ಕಡೆಯಿಂದ ಎದ್ದ ಗಾಳಿ ಡೇರೆಯ ಗೂಟಗಳನ್ನು ಕಿತ್ತು ಬಟ್ಟೆಯನ್ನು ಬೇಲಿಯ ಮೇಲೆ ಒಗೆಯಿತು. ಗಂಡಸರು ನಾಲ್ವರು ನಾಲ್ಕು ದಿಕ್ಕಿಗೆ ಎಳೆದಾಡುತ್ತಿದ್ದರು. ಒಬ್ಬ ಎತ್ತಿದರೆ ಇನ್ನೊಬ್ಬ ಬೀಳಿಸುತ್ತಿದ್ದ. ಬಯಲಿನ ಗೇಟಿನ ಹೊರಗೆ ನಿಂತಿದ್ದ ಹೆಡ್ಲಿಗೆ ನೋಡಿ ನೋಡಿ ತಡೆಯಲಾಗಲಿಲ್ಲ. ಒಳಗೆ ನುಗ್ಗಿದ.

"ಎಲ್ಲ ಬಿಡಿ. ಕೈ ಬಿಡಿ ಅಂದೆ," ಎಂದ. ಆ ದನಿಗೆ ಎಲ್ಲರ ಕೈಯೂ ಬಿಟ್ಟಿತು. "ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಅಮ್ಮಾ ನೀವು ಈ ಹಗ್ಗ. ಮಕ್ಕಳೆಲ್ಲ ಆ ಹಗ್ಗಕ್ಕೆ. ಸ್ಪಾರ್ಗೋ ಅವ್ರೇ, ನೀವು ನಡುಗಂಬ. ಸೀಟಿ ಕೇಳೋವರೆಗೂ ಯಾರೂ ಎಳೀಬೇಡಿ. ಕೇಳಿದ ಮೇಲೆ ಯಾರೂ ಬಿಡಬೇಡಿ."

ಬಾಯಿಗೆ ಎರಡು ಬೆರಳಿಟ್ಟು ಸೀಟಿ ಹಾಕಿದ. ಅಜ್ಜಿಯರು, ಮಕ್ಕಳು, ಹಿರಿಯರು ಒಟ್ಟಿಗೆ ಎಳೆದರು. ಡೇರೆ ಒಮ್ಮೆ ನಡುಗಿ ಸೆಟೆದು ನಿಂತಿತು. ಲವ್‌ಡೇ ಅವನ ಪಕ್ಕದ ಹಗ್ಗದಲ್ಲಿದ್ದಳು. ಅಂಗೈ ಕೆಂಪಾಗಿತ್ತು, ಸ್ಕಾರ್ಫು ಜಾರಿತ್ತು, ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಮರೆತು ನಗುತ್ತಿದ್ದಳು.

"ನೀವು ಹೇಳಿದ್ದು ಇದೇನಾ?" ಎಂದು ಕೇಳಿದಳು.

"ಇದೇ."

ಬಹಳ ವರ್ಷಗಳ ಮೇಲೆ ಅವನು ಅಷ್ಟು ಸುಖಪಟ್ಟದ್ದು. ಆಮೇಲೆ ಎಲ್ಲರೂ ಡೇರೆಯೊಳಗೆ ಚಹಾಕ್ಕೆ ಕೂತರು. ಅವನ ಪಾಲಿನ ಬನ್ನು ಗೇಟಿನ ಹೊರಗೆ ಬಂತು, ತಂದದ್ದು ಒಬ್ಬ ಅಜ್ಜಿ. ಒಳಗಿನ ನಗೆ ಕೇಳಿಸಿಕೊಳ್ಳುತ್ತಾ ಅವನು ಅದನ್ನು ತಿಂದ. ಇನ್ನು ಸ್ವಲ್ಪ ದಿನ ಎಂದುಕೊಂಡ. ಏಕೆಂದರೆ ಮುಂದಿನ ವಾರ ಬರಲು ಸಭೆಯ ಹಿರಿಯರು ಅವನಿಗೆ ಹೇಳಿದ್ದರು. ಪ್ರಶ್ನೆ ಕೇಳಿ, ಉತ್ತರ ಸರಿ ಕಂಡರೆ ಸಭೆಗೆ ಸೇರಿಸಿಕೊಳ್ಳುವುದು.

ಪ್ರಶ್ನೆ ಕೇಳಿದ್ದು ಸ್ಪಾರ್ಗೋ ಮನೆಯ ನಡುಮನೆಯಲ್ಲಿ. ಹಿರಿಯರು ಮೂವರು: ಎಫ್ರೈಮ್, ಒಳನಾಡಿನಿಂದ ಗಾಡಿಯಲ್ಲಿ ಬರುವ ಒಬ್ಬ ರೈತ, ಕಿವಿ ಮಂದವಾದ ಒಬ್ಬ ಮುದುಕ. ಅಡುಗೆಮನೆಯ ಬಾಗಿಲು ಅರ್ಧ ತೆರೆದಿತ್ತು. ಅದರ ಹಿಂದೆ ಲವ್‌ಡೇ ಪಾತ್ರೆ ತೊಳೆಯುತ್ತಿದ್ದಳು. ಹೆಂಗಸರು ಈ ಹೊತ್ತಿನಲ್ಲಿ ಬಾಯಿ ತೆರೆಯುವಂತಿಲ್ಲ. ಹೆಡ್ಲಿ ಬೆವರುತ್ತಾ ಕೂತಿದ್ದ. ಪಾಪ, ಪಶ್ಚಾತ್ತಾಪ, ಕುಡಿತ, ಇಸ್ಪೀಟು ಎಲ್ಲದಕ್ಕೂ ತಡವರಿಸಿ ಉತ್ತರ ಹೇಳಿದ. ಕುಡಿತಕ್ಕೆ ಸ್ವಲ್ಪ ಹೆಚ್ಚೇ ತಡವರಿಸಿದ. ರೈತ ತಲೆಯಾಡಿಸುತ್ತಿದ್ದ. ಎಲ್ಲ ಸರಿಹೋಗುವ ಹಾಗಿತ್ತು.

"ಇನ್ನೊಂದು ಪ್ರಶ್ನೆ," ಎಂದ ಎಫ್ರೈಮ್. "ಎವಲ್ಯೂಷನ್ ಬಗ್ಗೆ ನಿಮ್ಮ ಅಭಿಪ್ರಾಯ ಏನು, ಜೇಗೋ ಅವ್ರೇ?"

ಹೆಡ್ಲಿಗೆ ಹೋದ ಜೀವ ಬಂದ ಹಾಗಾಯಿತು. ಡೇರೆ ನಿಲ್ಲಿಸಿದ್ದನ್ನು ಇವರು ಮರೆತಿಲ್ಲ, ಬೇಕೆಂದೇ ತನಗೆ ಗೊತ್ತಿರುವುದನ್ನು ಕೇಳುತ್ತಿದ್ದಾರೆ ಎಂದುಕೊಂಡ. ಅದು ಪಾಪದ ಮಾತೆಂದು ಲವ್‌ಡೇ ಹೇಳಿದ್ದಳಲ್ಲ ಎಂಬುದೂ ಒಂದು ಗಳಿಗೆ ಮನಸ್ಸಿಗೆ ಬಂತು. ಆದರೆ ಹಿರಿಯರೇ ಬಾಯಿ ತೆರೆದು ಕೇಳುತ್ತಿದ್ದಾರೆ ಅಂದ ಮೇಲೆ ಪಾಪ ಎಲ್ಲಿ ಬಂತು.

"ಅಭಿಪ್ರಾಯ ಏನ್ ಬಂತು ಸರ್. ನನ್ನ ಜೀವನವೇ ಅದು."

ರೈತ ಮುಂದೆ ಬಾಗಿದ. "ಅಂದ್ರೆ ಅದನ್ನ ನಂಬ್ತೀರಾ?"

"ನಂಬೋದೇನು, ಕಣ್ಣಾರೆ ಕಂಡಿದೀನಿ. ಮೊದಲು ಬರುವಾಗ ಎಲ್ಲ ಕೋತಿಗಳೇ ಸರ್. ಹಗ್ಗ ಕಂಡ್ರೆ ನೇತಾಡೋದು, ಹಣ್ಣು ಕಂಡ್ರೆ ಕಿತ್ತಾಡೋದು. ಎವಲ್ಯೂಷನ್ ಶುರುವಾಯ್ತಾ, ನೋಡ್ತಾ ನೋಡ್ತಾ ಮನುಷ್ಯರಾಗಿಬಿಡ್ತಾರೆ."

"ಕೋತಿಗಳು ಮನುಷ್ಯರಾಗ್ತಾರೆ?"

"ಎಲ್ಲ ಒಂದೇ ಸಮ ಆಗಲ್ಲ. ಕೆಲವಕ್ಕೆ ಬಾಲ ಉದುರೋಕೆ ವರ್ಷಗಟ್ಟಲೆ ಬೇಕು. ಒಂದೆರಡಕ್ಕೆ ಕೊನೇವರೆಗೂ ಉದುರಲ್ಲ, ಅವನ್ನ ಅಡುಗೆಮನೆಗೆ ಹಾಕ್ತೀವಿ."

"ಏನಂತೆ?" ಎಂದು ಮುದುಕ ಕೇಳಿದ.

ರೈತ ಅವನ ಕಿವಿಗೆ ಬಾಯಿಟ್ಟು ಕೂಗಿದ. "ಕೋತಿಯಿಂದ ಬಂದ್ವಿ ಅಂತಿದಾನೆ." ಆಮೇಲೆ ಹೆಡ್ಲಿಯ ಕಡೆ ತಿರುಗಿದ. "ಇದರಲ್ಲಿ ದೇವರ ಕೈ ಇಲ್ವಾ ಹಾಗಾದ್ರೆ?"

ಹೆಡ್ಲಿ ಯೋಚಿಸಿದ. ಡಂಭ ಕೊಚ್ಚಿಕೊಳ್ಳಬಾರದು, ದೇವರಿಗೆ ಸಲ್ಲಬೇಕಾದ್ದು ಸಲ್ಲಬೇಕು. "ಗಾಳಿ ಮಳೆ ದೇವರು ನೋಡ್ಕೋತಾನೆ ಸರ್," ಎಂದ. "ಮಿಕ್ಕಿದ್ದು ತಾಂಡೇಲ ನೋಡ್ಕೋತಾನೆ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಎಫ್ರೈಮ್ ಹೆಡ್ಲಿಯ ಮುಖ ನೋಡಲಿಲ್ಲ. ಮೊಣಕಾಲ ಮೇಲಿನ ಬೈಬಲ್ಲಿನ ರಟ್ಟನ್ನು ಹೆಬ್ಬೆರಳಿನಿಂದ ಸವರುತ್ತಾ, "ಸಾಕು," ಎಂದ.

ಹೆಡ್ಲಿ ಸೀಟಿ ಹಾಕುತ್ತಾ ಕೋಣೆಗೆ ಹಿಂದಿರುಗಿದ. ಎರಡು ಕುರ್ಚಿಯ ಮೇಜು ಸಿಗುವ ಅಂಗಡಿಯನ್ನೂ ದಾರಿಯಲ್ಲಿ ನೋಡಿಟ್ಟುಕೊಂಡ.

ಭಾನುವಾರ ಸಭಾಮನೆಯ ಬಾಗಿಲಲ್ಲಿ ಎಫ್ರೈಮ್ ನಿಂತಿದ್ದ. "ಸಭೆ ಒಪ್ಪಲಿಲ್ಲ, ಜೇಗೋ ಅವ್ರೇ. ಇನ್ನು ಬರೋದು ಬೇಡ."

"ಯಾಕೆ, ಏನ್ ತಪ್ಪಾಯ್ತು?"

"ನಿಮ್ಮ ಬಾಯಿಂದಲೇ ಬಂತಲ್ಲ," ಎಂದು ಹೇಳಿ ಬಾಗಿಲು ಎಳೆದುಕೊಂಡ.

ಕಾರಣ ತಿಳಿದದ್ದು ಸಿಡ್‌ನಿಂದ. ಇಡೀ ಊರಿಗೆ ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಸಿಡ್ ಶಾಲೆಯ ಅರ್ಥವನ್ನು ಹೇಳಿ, ಕೋತಿ, ಬಾಲ, ಅಡುಗೆಮನೆ ಎಲ್ಲ ನೆನೆಸಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕ. ಫೆರಿಯ ಗೇಟಿಗೆ ಒರಗಿ ಕಣ್ಣೊರೆಸಿಕೊಂಡ.

"ಬಾಲ ಉದುರೋಕೆ ವರ್ಷ ಬೇಕು ಅಂದ್ಯಂತಲ್ಲೋ. ಆ ಮುದುಕ ಸೀದಾ ಮನೆಗೆ ಹೋಗಿ ಮಲಗಿಬಿಟ್ನಂತೆ."

ಹೆಡ್ಲಿ ನಗಲಿಲ್ಲ. ಸಿಡ್ ಅವನ ಮುಖ ನೋಡಿದ, ನಗು ಅಲ್ಲಿಗೇ ನಿಂತಿತು. "ಹೋಗಿ ಹೇಳು ಮಾರಾಯಾ," ಎಂದ ಮೆತ್ತಗೆ. "ಇದು ಹಡಗಿನ ಮಾತು ಅಂತ ಹೇಳು. ಅರ್ಥ ಆಗತ್ತೆ."

ಹೆಡ್ಲಿ ಹೋದ. ಬೇಕರಿಯ ಹಿತ್ತಲ ಬಾಗಿಲಲ್ಲಿ ನಿಂತು, ಟೋಪಿ ಕೈಯಲ್ಲಿ ಹಿಡಿದು, ದೋಣಿ ಇಳಿಸುವುದರಿಂದ ಹಿಡಿದು ಎಲ್ಲವನ್ನೂ ವಿವರಿಸಿದ. ಎಫ್ರೈಮ್ ಹಿಟ್ಟು ನಾದುತ್ತಲೇ ಕೇಳಿದ.

"ಈಗ ಏನ್ ಹೇಳಿದ್ರೂ ಮಾತು ತಿರುಗಿಸಿದ ಹಾಗಾಗತ್ತೆ," ಎಂದ ಕೊನೆಗೆ. "ಹಿರಿಯರ ಮುಂದೆ ಆಡಿದ್ದು ಆಡಿದ್ದೇ."

"ನಿಮಗಾದ್ರೂ ಅರ್ಥ ಆಯ್ತಾ?"

ಎಫ್ರೈಮ್ ಹಿಟ್ಟಿನ ಮುದ್ದೆಯನ್ನು ಮಗುಚಿ ಹಾಕಿ ಮತ್ತೆ ನಾದತೊಡಗಿದ. ಹೆಡ್ಲಿ ಟೋಪಿ ಹಾಕಿಕೊಂಡು ಹೊರಟುಬಂದ.

ಲವ್‌ಡೇ ಕೊನೆಯ ಸಲ ಅವನೊಂದಿಗೆ ಮಾತಾಡಿದ್ದು ಅದಾದ ವಾರ. ಮಂಜು ಕವಿದಿತ್ತು, ಆಚೆ ದಡ ಕಾಣುತ್ತಿರಲಿಲ್ಲ. ಗಾಡಿ ನಿಲ್ಲಿಸಿ ಕಟಕಟೆ ಹಿಡಿದು ನಿಂತಳು.

"ನಾನು ಅಣ್ಣನಿಗೆ ಹೇಳ್ದೆ, ಅದು ಹಡಗಿನ ಮಾತು ಅಂತ. ಹೆಂಗಸರು ಇದಕ್ಕೆಲ್ಲ ಬಾಯಿ ಹಾಕಬಾರದು ಅಂದ."

"ಲವ್‌ಡೇ, ನೀವೇ ಹೊರಗೆ ಬಂದುಬಿಡಿ."

"ಬಂದ್ರೆ ಆ ಬಾಗಿಲು ಮತ್ತೆ ತೆರೆಯಲ್ಲ. ಅಣ್ಣ ನನ್ನ ಕೈಯಲ್ಲಿ ನೀರೂ ಕುಡಿಯಲ್ಲ. ಅವನಿಗೆ ಯಾರಿದಾರೆ ಹೇಳಿ. ನಂಗೂ ಅವರು ಬಿಟ್ರೆ ಯಾರೂ ಗೊತ್ತಿಲ್ಲ."

"ನಾನಿದೀನಿ."

"ನೀವು ಒಬ್ರು," ಎಂದಳು. ಅವನನ್ನು ನೋಯಿಸಲು ಹೇಳಿದ್ದಲ್ಲ ಅದು. ನಿಜ ಅಷ್ಟೇ ಇತ್ತು, ಅದನ್ನು ಅವಳು ಹೇಳಿದಳು. "ಇನ್ನು ಮೇಲೆ ನಾನು ಆ ಇನ್ನೊಂದು ಫೆರಿಗೆ ಹೋಗ್ತೀನಿ, ಹೆಡ್ಲಿ. ದಿನಾ ನೋಡೋದು ಕಷ್ಟ."

ಅವಳು ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಅಲ್ಲಿಂದ ಮುಂದೆ ವರ್ಷಗಳು ಹೋದವು. ಆ ವರ್ಷಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಅದೇ ಅವುಗಳ ಸಂಕಟ. ಎರಡು ಫೆರಿಗಳು ಹೊಳೆಯ ನಡುವೆ ಎದುರುಬದುರು ಹಾದುಹೋಗುವಾಗ ಹೆಡ್ಲಿಗೆ ಕಪ್ಪು ಸ್ಕಾರ್ಫು ಕಾಣುತ್ತಿತ್ತು, ಕೆಲವೊಮ್ಮೆ ಕಾಣುತ್ತಿರಲಿಲ್ಲ. ಉಗಿಯ ಫೆರಿ ಹೋಗಿ ಡೀಸೆಲ್ ಫೆರಿ ಬಂತು. ಸಿಡ್ ಕೆಲಸ ಬಿಟ್ಟು ಮೊಮ್ಮಕ್ಕಳ ಗಲಾಟೆಗೆ ಸಿಕ್ಕಿಕೊಂಡ. ಹೊಸಬರು ಬಂದರು, ಒಳ್ಳೆಯ ಹುಡುಗರೇ, ಬುತ್ತಿಯನ್ನು ತಮ್ಮ ತಮ್ಮ ಕಾರಿನಲ್ಲಿ ಕೂತು ತಿನ್ನುತ್ತಿದ್ದರು. ಹೆಡ್ಲಿ ಆ ಮಾತನ್ನು ಆಡುವುದು ಬಿಟ್ಟುಬಿಟ್ಟ. ಬಾಯಿಗೆ ಬಂದರೆ ನುಂಗಿಕೊಳ್ಳುತ್ತಿದ್ದ. ಒಟ್ಟಿಗೆ ಮಾಡುವಂಥ ಕೆಲಸವೂ ಹೆಚ್ಚು ಉಳಿದಿರಲಿಲ್ಲ. ಗೇಟನ್ನು ಈಗ ಒಂದು ಗುಂಡಿ ಒತ್ತಿದರೆ ಯಂತ್ರವೇ ಎತ್ತುತ್ತಿತ್ತು.

ಅಷ್ಟರಲ್ಲಿ ಬೆಟ್ಟದ ಬುಡದ ಸಭೆ ಇನ್ನಷ್ಟು ಬಿಗಿಯಾಗಿತ್ತು. ಹೊರಗಿನವರು ಇರುವ ಯಾವ ಸಂಘದಲ್ಲೂ ಸಭೆಯವರು ಇರಕೂಡದು ಎಂದು ಹೊಸ ಕಟ್ಟಳೆ ಬಂತು. ಎಫ್ರೈಮ್ ಬೇಕರಿಯವರ ಸಂಘದಲ್ಲಿ ಬಹಳ ಕಾಲದಿಂದ ಇದ್ದವನು. ತಕ್ಷಣ ಬಿಡಲಾಗದು, ಹಿಡಿದ ಕೆಲಸ ಮುಗಿಸಿ ಬಿಡುತ್ತೇನೆ ಎಂದ. ಹಿರಿಯರು ಅವನನ್ನು ಅವನ ಮನೆಯ ನಡುಮನೆಯಲ್ಲೇ ಕೂರಿಸಿ ಪ್ರಶ್ನೆ ಕೇಳಿದರು. ಚಳಿಗಾಲ ಶುರುವಾದಾಗಿನ ಒಂದು ಭಾನುವಾರ ಬಾಗಿಲು ಅವನಿಗೂ ಮುಚ್ಚಿತು. ಲವ್‌ಡೇ ಒಳಗೇ ಉಳಿದಳು. ಅಣ್ಣ ತಂಗಿ ಒಂದೇ ಸೂರಿನ ಕೆಳಗಿದ್ದರು, ಪಂಕ್ತಿ ಮಾತ್ರ ಬೇರೆಯಾಯಿತು. ಹೆಡ್ಲಿ ಈ ಸುದ್ದಿ ಕೇಳಿದಾಗ ಅವನಿಗೆ ಸಂತೋಷವಾಗಬೇಕಿತ್ತು. ಸ್ವಲ್ಪ ಆಯಿತು ಕೂಡ. ಒಂದು ಮಧ್ಯಾಹ್ನದಷ್ಟು ಇತ್ತು ಆ ಸಂತೋಷ.

ಆ ಚಳಿಗಾಲ ಮುಗಿಯುತ್ತಿದ್ದಾಗ ಒಂದು ದಿನ, ಫೆರಿ ಊರಿನ ದಡಕ್ಕೆ ತಾಗಿ ಮಧ್ಯಾಹ್ನದ ಬಿಡುವಿಗೆ ನಿಂತಿತ್ತು. ಎಫ್ರೈಮ್ ಸ್ಪಾರ್ಗೋ ಬಂದು ಕೆಲಸಗಾರರ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತ. ಮುದುಕನಾಗಿದ್ದ, ಕೋಟು ಮೈಗೆ ದೊಡ್ಡದಾಗಿತ್ತು. ಕೈಯಲ್ಲಿ ಬಟ್ಟೆಯ ಗಂಟು.

"ಒಳಗೆ ಬರಬಹುದಾ?"

"ಫೆರಿ ಎಲ್ಲರದೂ," ಎಂದ ಹೆಡ್ಲಿ. ಬಾ ಅನ್ನಲಿಲ್ಲ.

ಎಫ್ರೈಮ್ ಬಂದು ಬೆಂಚಿನ ತುದಿಯಲ್ಲಿ ಕೂತು ಗಂಟನ್ನು ಮಡಿಲಲ್ಲಿಟ್ಟುಕೊಂಡ. "ಒಂದು ಹೇಳಬೇಕಿತ್ತು. ಆವತ್ತು ನೀನು ಏನ್ ಹೇಳ್ತಿದೀಯಾ ಅಂತ ನಂಗೆ ಗೊತ್ತಿತ್ತು."

ಹೆಡ್ಲಿ ಕೈಯಲ್ಲಿದ್ದ ಟೀ ಕಪ್ಪನ್ನು ಕೆಳಗಿಟ್ಟ.

"ನಮ್ಮಪ್ಪನ ಕಾಲದಿಂದ ಹಡಗುಗಳಿಗೆ ರೊಟ್ಟಿ ಹಾಕ್ತಿದ್ವಿ. ಹುಡುಗನಾಗಿದ್ದಾಗ ಗೋಣಿ ಹೊತ್ಕೊಂಡು ಡೆಕ್ ಮೇಲೆ ನಿಂತಿದ್ರೆ, ತಡಿಯೋ, ಎವಲ್ಯೂಷನ್ ನಡೀತಿದೆ ಅಂತ ಗದರೋರು. ಆ ರೈತನಿಗೆ ಗೊತ್ತಿರಲಿಲ್ಲ, ಆ ಕಿವುಡನಿಗೆ ಗೊತ್ತಿರಲಿಲ್ಲ. ನಂಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಆ ಪ್ರಶ್ನೆ ಕೇಳ್ದೆ."

"ಯಾಕೆ?"

"ಅವಳು ಹೋದ್ರೆ ನಾನು ಒಬ್ಬನೇ ಆಗ್ತಿದ್ದೆ. ಒಬ್ಬನೇ ಕೂತು ಉಣ್ಣೋದು ನನ್ನ ಕೈಲಿ ಆಗಲ್ಲ ಅಂತ ಭಯ." ಅವನು ಗಂಟನ್ನೇ ನೋಡುತ್ತಿದ್ದ. "ಈಗ ನನ್ನ ಊಟ ಮಹಡಿ ಮೆಟ್ಟಿಲ ಮೇಲೆ ಇಟ್ಟುಹೋಗ್ತಾಳೆ. ಮಾತಾಡಲ್ಲ. ಈ ಹೊತ್ತಿಗೆ ಬಾಗಿಲು ಹಾಕ್ಕೊಂಡು ತಾನೊಬ್ಬಳೇ ಊಟಕ್ಕೆ ಕೂರ್ತಾಳೆ."

ಹೊರಗೆ ಹಕ್ಕಿಗಳು ಕೂಗಾಡುತ್ತಿದ್ದವು. ಎದ್ದು ಅವನನ್ನು ದಡಕ್ಕೆ ನೂಕಿಬಿಡಬೇಕು ಎಂದು ಹೆಡ್ಲಿಗೆ ಅನ್ನಿಸಿತು. ಇಷ್ಟೂ ವರ್ಷ ಕಿಟಕಿಯ ಹತ್ತಿರ ಒಬ್ಬನೇ ನಿಂತು ಉಂಡ ಊಟಗಳೆಲ್ಲ ಅವನ ಎದುರಿಗೆ ಬಂದವು.

ಎಫ್ರೈಮ್ ಗಂಟು ಬಿಚ್ಚಿದ. ಒಳಗೆ ಎರಡು ಪ್ಯಾಸ್ಟಿಗಳಿದ್ದವು, ಮಾಂಸ ಆಲೂಗೆಡ್ಡೆ ತುಂಬಿ ಕರ್ಜಿಕಾಯಿಯ ಹಾಗೆ ಅಂಚು ಮಡಿಸಿದವು. ಆ ಸೀಮೆಯ ಹೆಂಗಸರು ಬೇಯಿಸುವ ಮೊದಲು ಒಂದು ಮೂಲೆಯಲ್ಲಿ ತಿನ್ನುವವನ ಹೆಸರಿನ ಮೊದಲ ಅಕ್ಷರ ಕೊರೆಯುತ್ತಾರೆ, ಯಾರದು ಯಾರಿಗೆ ಎಂದು ತಿಳಿಯಲಿ ಅಂತ. ಒಂದರ ಮೂಲೆಯಲ್ಲಿ ಎಫ್ರೈಮ್‌ನ ಅಕ್ಷರವಿತ್ತು. ಇನ್ನೊಂದನ್ನು ಅವನು ಹೆಡ್ಲಿಯ ಕಡೆ ಸರಿಸಿದ. ಅದರಲ್ಲಿ ಹೆಡ್ಲಿಯ ಅಕ್ಷರವಿತ್ತು.

ಹೆಡ್ಲಿ ಅದನ್ನು ಮುಟ್ಟದೆ ನೋಡಿದ. "ಇದು ಇವತ್ತು ಮಾಡಿದ್ದಾ?"

"ದಿನಾ ಮಾಡ್ತಾಳೆ. ಸಭೆ ನನ್ನನ್ನ ಹೊರಗೆ ಹಾಕಿದ ಮಾರನೇ ದಿನದಿಂದ ಎರಡೆರಡು ಕಟ್ಟಿಡ್ತಾಳೆ. ಹೊರಗಿನವರು ಹೊರಗಿನವರ ಜೊತೆ ತಿನ್ನಬಹುದಲ್ಲ." ಎಫ್ರೈಮ್‌ನ ದನಿ ಇಳಿಯಿತು. "ನಿನ್ನ ಮುಖ ನೋಡೋಕೆ ನಂಗೆ ಧೈರ್ಯ ಇರಲಿಲ್ಲ. ನಿಂದನ್ನ ಹಕ್ಕಿಗಳಿಗೆ ಹಾಕಿಬಿಡ್ತಿದ್ದೆ."

"ಚಳಿಗಾಲ ಪೂರ್ತಿ?"

"ಪೂರ್ತಿ."

ಹೆಡ್ಲಿ ಪ್ಯಾಸ್ಟಿಯನ್ನು ಕೈಗೆತ್ತಿಕೊಂಡ. ಅದು ಇನ್ನೂ ಬೆಚ್ಚಗಿತ್ತು. "ತಣ್ಣಗಾಗತ್ತೆ, ತಿನ್ನು," ಎಂದ. ಎಫ್ರೈಮ್‌ಗೆ ಹಲ್ಲಿರಲಿಲ್ಲ, ನಿಧಾನವಾಗಿ ತಿಂದ. ಹೆಡ್ಲಿಯೂ ಅವನಿಗೆ ಸಮನಾಗಿ ನಿಧಾನವಾಗಿ ತಿಂದ. ಸ್ಪಾರ್ಗೋ ಮನೆಯಲ್ಲಿ ಲವ್‌ಡೇ ಬಾಗಿಲು ಹಾಕಿಕೊಂಡು ಊಟಕ್ಕೆ ಕೂರುವ ಹೊತ್ತು ಅದೇ ಎಂದು ಇಬ್ಬರಿಗೂ ಗೊತ್ತಿತ್ತು.